ಮಧುಗಿರಿ ಉಪವಿಭಾಗದಲ್ಲಿ ರೋಗಿಯ ವಿವರಗಳ ದಾಖಲೆ ಮತ್ತು ಗೋಪ್ಯತೆ: ಗ್ರಾಮದ ರಿಜಿಸ್ಟರಿನಿಂದ ಜಾಲತಾಣದವರೆಗೆ

ಪೀಠಿಕೆ

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ತುಮಕೂರು ಜಿಲ್ಲೆಯ ಮಧುಗಿರಿ ಕಂದಾಯ ಉಪವಿಭಾಗಕ್ಕೆ ಸೇರಿವೆ. ಮಧುಗಿರಿ ಹಾಗೂ ಚನ್ನರಾಯನದುರ್ಗದ ಕೋಟೆಗಳು, ಪಾಳೆಯಗಾರ ಮನೆತನಗಳು, ಮೊಗಲರ ಕಾಲದ ಶಿರಾ ಸುಬೆಯ ಆಡಳಿತ ಮೊದಲಾದವು ಈ ಭಾಗದ ಇತಿಹಾಸ ರಚನೆಯಲ್ಲಿ ಪ್ರಧಾನ ಸ್ಥಾನ ಪಡೆದಿವೆ. ಇಲ್ಲಿನ ಸಾಮಾನ್ಯ ಜನರ ರೋಗ, ಹೆರಿಗೆ, ಮರಣಗಳ ವಿವರಗಳನ್ನು ಯಾರು ಬರೆದಿಟ್ಟರು, ಯಾರು ಓದಿದರು, ಆ ವಿವರಗಳಿಗೆ ಎಂತಹ ರಕ್ಷಣೆ ಇತ್ತು ಎಂಬ ಪ್ರಶ್ನೆಗಳಿಗೆ ಅಷ್ಟು ಗಮನ ದೊರೆತಿಲ್ಲ. ಆರೋಗ್ಯ ಸೇವೆಯ ಬಹುಭಾಗ ಅಂತರಜಾಲಕ್ಕೆ ವರ್ಗಾವಣೆಯಾಗಿರುವ ಈ ಕಾಲದಲ್ಲಿ ಈ ಪ್ರಶ್ನೆಗಳು ಕೇವಲ ತಾಂತ್ರಿಕವಾಗಿ ಉಳಿದಿಲ್ಲ; ಅವುಗಳಿಗೆ ಚಾರಿತ್ರಿಕ ಹಿನ್ನೆಲೆಯೂ ಇದೆ. ಗ್ರಾಮದ ರಿಜಿಸ್ಟರಿನಿಂದ ಆರೋಗ್ಯ ಜಾಲತಾಣದವರೆಗಿನ ಈ ಪಯಣವನ್ನು ನಾಲ್ಕು ತಾಲ್ಲೂಕುಗಳ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಬಾಗಿಲ ಗುರುತು ಮತ್ತು ಗ್ರಾಮದ ಲೆಕ್ಕ

ಲಿಖಿತ ದಾಖಲೆಗಳಿಗಿಂತ ಮೊದಲೇ ರೋಗವನ್ನು ಪ್ರಕಟಿಸುವ ರೂಢಿಗಳು ಗ್ರಾಮ ಸಮಾಜದಲ್ಲಿದ್ದವು. ಸಿಡುಬನ್ನು ‘ಅಮ್ಮ’ ಎಂದು ಕರೆದು, ಅಮ್ಮ ಬಂದ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುವುದು ಹಳೆಯ ಮೈಸೂರು ಭಾಗದಲ್ಲಿ ಸಾಮಾನ್ಯವಾಗಿತ್ತು. ಮಧುಗಿರಿಯ ದಂಡಿನ ಮಾರಮ್ಮನಂತಹ ದೇವತೆಗಳ ಆರಾಧನೆಯೂ ರೋಗಭಯದೊಡನೆ ಹೆಣೆದುಕೊಂಡಿದೆ. ಬೇವಿನ ಸೊಪ್ಪು ಮನೆಯ ರೋಗವನ್ನು ಊರಿಗೆಲ್ಲ ತಿಳಿಸುತ್ತಿತ್ತು, ನಿಜ. ಆದರೆ ಅದನ್ನು ಕಟ್ಟುತ್ತಿದ್ದವರು ಆ ಮನೆಯವರೇ. ಅದರ ಅರ್ಥ ಎಲ್ಲರಿಗೂ ಗೊತ್ತಿತ್ತು. ರೋಗ ಇಳಿದ ಮೇಲೆ ಸೊಪ್ಪು ಒಣಗಿ ಉದುರುತ್ತಿತ್ತು. ಪ್ರಕಟಣೆಗೆ ಒಂದು ಉದ್ದೇಶವಿತ್ತು, ಒಂದು ಅವಧಿಯೂ ಇತ್ತು.

ಮೈಸೂರು ಸಂಸ್ಥಾನದ ಕಾಲದಲ್ಲಿ ಜನನ ಮರಣಗಳ ಲೆಕ್ಕ ಗ್ರಾಮಾಧಿಕಾರಿಗಳಾದ ಪಟೇಲ ಮತ್ತು ಶಾನುಭೋಗರ ಕೈಯಲ್ಲಿತ್ತು. 1898ರಲ್ಲಿ ಬೆಂಗಳೂರನ್ನು ಪ್ರವೇಶಿಸಿದ ಪ್ಲೇಗು ಸಂಸ್ಥಾನದ ಆಡಳಿತಕ್ಕೆ ಇಂತಹ ಲೆಕ್ಕದ ಅಗತ್ಯವನ್ನು ತೀವ್ರವಾಗಿ ಮನಗಾಣಿಸಿತು. ಗ್ರಾಮದಲ್ಲಿ ಬರೆದ ಲೆಕ್ಕ ಅಲ್ಲಿಂದ ತಾಲ್ಲೂಕು ಕಚೇರಿಗೂ, ತಾಲ್ಲೂಕಿನಿಂದ ಜಿಲ್ಲೆಗೂ, ಜಿಲ್ಲೆಯಿಂದ ಸರ್ಕಾರಕ್ಕೂ ಏರುತ್ತಿತ್ತು. ಈ ವ್ಯವಸ್ಥೆಯಲ್ಲಿ ಗಮನಿಸಬೇಕಾದ ಅಂಶವೊಂದಿದೆ. ದಾಖಲೆ ಮೇಲೇರಿದಂತೆ ಅದರಿಂದ ಹೆಸರು ಕಳಚಿಕೊಳ್ಳುತ್ತಿತ್ತು. ಗ್ರಾಮದಲ್ಲಿ ಇಂಥವರ ಮಗ, ಇಂಥವರ ಹೆಂಡತಿ ಎಂದಿದ್ದದ್ದು ಮೇಲಿನ ಕಚೇರಿಗಳಲ್ಲಿ ಜ್ವರದಿಂದ ಇಷ್ಟು, ಕಾಲರಾದಿಂದ ಇಷ್ಟು ಎಂಬ ಅಂಕಿಯಾಗುತ್ತಿತ್ತು. ಗೋಪ್ಯತೆ ಎಂಬ ಪದ ಈ ನಿಯಮಗಳ ಹಿಂದೆ ಇರಲಿಲ್ಲ. ಕಾಗದ ಮತ್ತು ಪರಿಶ್ರಮದ ಮಿತಿಯೇ ಹೆಸರನ್ನು ಗ್ರಾಮದಲ್ಲಿ ಉಳಿಸಿತು. ಆದರೂ ಪರಿಣಾಮದಲ್ಲಿ ಅದೊಂದು ರಕ್ಷಣೆಯಾಗಿತ್ತು.

ಈ ರಕ್ಷಣೆಯನ್ನು ಅತಿಯಾಗಿ ಕೊಂಡಾಡುವಂತಿಲ್ಲ. ದೂರದ ಅಧಿಕಾರಿಗೆ ತಿಳಿಯದ ಹೆಸರು ಊರಿನ ಪಟೇಲನಿಗೆ ತಿಳಿದೇ ಇತ್ತು. ಜಾತಿ ಮತ್ತು ಭೂಮಿಯ ಅಧಿಕಾರವುಳ್ಳವನ ಬಳಿಯೇ ರೋಗದ ಪುಸ್ತಕವೂ ಇದ್ದಾಗ ಬಡವನ ಗುಟ್ಟು ಎಷ್ಟರಮಟ್ಟಿಗೆ ಉಳಿಯಬಲ್ಲದು ಎಂಬುದನ್ನು ಊಹಿಸುವುದು ಕಷ್ಟವಲ್ಲ. ಗ್ರಾಮಾಧಿಕಾರಿ ಹುದ್ದೆಗಳನ್ನು ರದ್ದುಗೊಳಿಸುವ 1961ರ ಕಾಯಿದೆಯ ನಂತರ ವಂಶಪಾರಂಪರ್ಯದ ಪಟೇಲ, ಶಾನುಭೋಗರ ಸ್ಥಾನಕ್ಕೆ ನೇಮಕಗೊಂಡ ಗ್ರಾಮಲೆಕ್ಕಿಗರು ಬಂದರು. 1969ರ ಜನನ ಮರಣ ನೋಂದಣಿ ಕಾಯಿದೆ ದೇಶಕ್ಕೆಲ್ಲ ಒಂದೇ ಬಗೆಯ ಕ್ರಮವನ್ನು ತಂದಿತು.

ಆ ಕಾಯಿದೆಯ 17ನೆಯ ಪ್ರಕರಣದಲ್ಲಿ ಒಂದು ಪುಟ್ಟ ಷರತ್ತು ಸೇರಿತ್ತು. ಮರಣದ ನೋಂದಣಿಯಿಂದ ಯಾರಿಗೇ ಉದ್ಧೃತಭಾಗವನ್ನು ಕೊಟ್ಟರೂ ಅದರಲ್ಲಿ ಮರಣದ ಕಾರಣವನ್ನು ಪ್ರಕಟಿಸಕೂಡದೆಂಬುದೇ ಆ ಷರತ್ತು. ಸರ್ಕಾರಕ್ಕೆ ಕಾರಣ ಬೇಕು, ಏಕೆಂದರೆ ಯಾವ ರೋಗ ಎಲ್ಲಿ ಹೆಚ್ಚುತ್ತಿದೆ ಎಂಬುದು ತಿಳಿಯಬೇಕು. ಖಾತೆ ಬದಲಾವಣೆಗೆಂದು ಪ್ರಮಾಣಪತ್ರ ಕೇಳುವವನಿಗೆ ಮರಣದ ದಿನಾಂಕ ಸಾಕು. ಒಂದೇ ಪುಟದ ಎರಡು ಕಲಮುಗಳನ್ನು ಇಬ್ಬರು ಬೇರೆ ಬೇರೆ ಓದುಗರಿಗೆ ಮೀಸಲಿಟ್ಟ ಈ ಷರತ್ತು ಗಣಕಯಂತ್ರಗಳು ಬರುವ ಎಷ್ಟೋ ಮೊದಲೇ ಆರೋಗ್ಯ ಮಾಹಿತಿಯ ರಕ್ಷಣೆಯ ತಿರುಳನ್ನು ಹೇಳಿದಂತಿದೆ.

ರೋಗಿಯ ಚೀಟಿ: ಕುಷ್ಠ, ಕ್ಷಯ ಮತ್ತು ಎಚ್‌ಐವಿ

ಎಲ್ಲ ರೋಗಗಳ ವಿವರವೂ ಒಂದೇ ತೂಕದ್ದಲ್ಲ. ಪಾವಗಡ ತಾಲ್ಲೂಕಿನ ಅಂತರ್ಜಲದಲ್ಲಿ ಫ್ಲೋರೈಡಿನ ಅಂಶ ಹೆಚ್ಚಾಗಿರುವುದು ಬಹುಕಾಲದಿಂದ ತಿಳಿದ ಸಂಗತಿ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬುದು ಭಾರತೀಯ ಮಾನಕದ ಗರಿಷ್ಠ ಮಿತಿ. ಯಾವ ಊರಿನ ಯಾವ ಕೊಳವೆ ಬಾವಿಯಲ್ಲಿ ಎಷ್ಟು ಫ್ಲೋರೈಡ್ ಇದೆ ಎಂಬುದನ್ನು ಎಷ್ಟು ವ್ಯಾಪಕವಾಗಿ ಪ್ರಕಟಿಸಿದರೂ ಯಾರ ಮಾನಕ್ಕೂ ಧಕ್ಕೆಯಿಲ್ಲ, ಮುಚ್ಚಿಟ್ಟರೆ ಹಾನಿ. ಇದು ಬಾವಿಯ ಮಾಹಿತಿ, ವ್ಯಕ್ತಿಯ ಮಾಹಿತಿಯಲ್ಲ.

ಕುಷ್ಠರೋಗದ ವಿಷಯ ಇದಕ್ಕೆ ವಿರುದ್ಧವಾದುದು. ರೋಗಿಗಳನ್ನು ಪ್ರತ್ಯೇಕಿಸಲು ಅವಕಾಶವಿದ್ದ 1898ರ ಕುಷ್ಠರೋಗಿಗಳ ಕಾಯಿದೆಯನ್ನು ಸಂಸತ್ತು ರದ್ದುಪಡಿಸಿದ್ದು 2016ರಲ್ಲಿ. ವಿವಾಹ ವಿಚ್ಛೇದನಕ್ಕೆ ಕುಷ್ಠರೋಗವು ಕಾರಣವಾಗಬಲ್ಲದೆಂಬ ವಿಧಿಗಳು ವೈಯಕ್ತಿಕ ಕಾನೂನುಗಳಿಂದ ತೆಗೆದುಹಾಕಲ್ಪಟ್ಟದ್ದು 2019ರಲ್ಲಿ. ಅಲ್ಲಿಯವರೆಗೆ ರೋಗಿಯ ಚೀಟಿಯೊಂದು ತಪ್ಪು ಕೈ ಸೇರಿದರೆ ಮದುವೆ ಮುರಿಯಬಹುದಿತ್ತು. ಪಾವಗಡದ ಸ್ವಾಮಿ ವಿವೇಕಾನಂದ ಸಮಗ್ರ ಗ್ರಾಮೀಣ ಆರೋಗ್ಯ ಕೇಂದ್ರದಂತಹ ಸಂಸ್ಥೆಗಳು ಈ ಭಾಗದಲ್ಲಿ ಕುಷ್ಠ ನಿವಾರಣೆಯ ಕಾರ್ಯ ನಡೆಸಿದ್ದು ಇಂತಹ ಸಾಮಾಜಿಕ ಪರಿಸರದಲ್ಲಿ.

ಎಚ್‌ಐವಿ ಪರೀಕ್ಷಾ ಕೇಂದ್ರಗಳಲ್ಲಿ ರೋಗಿಯನ್ನು ಗುರುತಿನ ಸಂಖ್ಯೆಯ ಮೂಲಕ ದಾಖಲಿಸುವ ಪದ್ಧತಿ ರೂಪುಗೊಂಡಿತು. 2017ರಲ್ಲಿ ಅಂಗೀಕೃತವಾಗಿ 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ ಎಚ್‌ಐವಿ ಮತ್ತು ಏಡ್ಸ್ ಕಾಯಿದೆ, ತಿಳಿವಳಿಕೆಯ ಒಪ್ಪಿಗೆಯಿಲ್ಲದೆ ವ್ಯಕ್ತಿಯ ಸ್ಥಿತಿಯನ್ನು ಬಹಿರಂಗಪಡಿಸುವುದನ್ನು ನಿಷೇಧಿಸಿತಲ್ಲದೆ, ಅಂತಹ ದಾಖಲೆಗಳನ್ನಿಟ್ಟುಕೊಳ್ಳುವ ಸಂಸ್ಥೆಗಳ ಮೇಲೆ ಮಾಹಿತಿ ರಕ್ಷಣೆಯ ಹೊಣೆಯನ್ನೂ ಹೊರಿಸಿತು.

ಕಾನೂನಿನ ಜೊತೆಗೆ ರೋಗಿಗಳಿಗೆ ತಮ್ಮದೇ ಆದ ಒಂದು ಉಪಾಯವೂ ಇತ್ತು. ಊರಿನವರು ಕಾಣದ ಆಸ್ಪತ್ರೆಗೆ ಹೋಗುವುದೇ ಆ ಉಪಾಯ. ಮೂರು ಕಡೆ ಆಂಧ್ರಪ್ರದೇಶದಿಂದ ಸುತ್ತುವರಿದ ಪಾವಗಡದವರಿಗೆ ಗಡಿಯಾಚೆಯ ಹಿಂದೂಪುರ, ಅನಂತಪುರಗಳೂ ಹತ್ತಿರ. ಶಿರಾದವರಿಗೆ ಹೆದ್ದಾರಿಯ ಮೇಲೆ ತುಮಕೂರು, ಬೆಂಗಳೂರು. ದೂರವೇ ಇಲ್ಲಿ ಗೋಪ್ಯತೆಯ ಸಾಧನ.

ಸಂಖ್ಯೆಯಿಂದ ಹೆಸರಿಗೆ

ಗಣಕೀಕರಣದ ಮೊದಲ ಹಂತ ಹಳೆಯ ಕ್ರಮವನ್ನೇ ಅನುಸರಿಸಿತು. 2008ರಲ್ಲಿ ಆರಂಭವಾದ ಆರೋಗ್ಯ ನಿರ್ವಹಣಾ ಮಾಹಿತಿ ವ್ಯವಸ್ಥೆಯ ಜಾಲತಾಣಕ್ಕೆ ಆರೋಗ್ಯ ಕೇಂದ್ರಗಳಿಂದ ಹೋಗುತ್ತಿದ್ದುದು ಒಟ್ಟು ಅಂಕಿಗಳು. 2009ರ ಡಿಸೆಂಬರಿನಲ್ಲಿ ಪ್ರಾರಂಭವಾದ ತಾಯಿ ಮಗು ಜಾಡು ವ್ಯವಸ್ಥೆಯು ಈ ಕ್ರಮವನ್ನು ಬದಲಿಸಿತು. ಪ್ರತಿಯೊಬ್ಬ ಗರ್ಭಿಣಿಯ ಹೆಸರು, ವಿಳಾಸ, ದೂರವಾಣಿ ಸಂಖ್ಯೆಗಳು ನೇರವಾಗಿ ಕೇಂದ್ರದ ಗಣಕಕ್ಕೆ ಸೇರತೊಡಗಿದವು. ಕ್ಷಯರೋಗವನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು 2012ರಲ್ಲಿ ಘೋಷಿಸಲಾಯಿತು. ಅದೇ ವರ್ಷ ‘ನಿಕ್ಷಯ್’ ಜಾಲತಾಣ ಆರಂಭವಾಯಿತು. 2018ರಿಂದ ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 500 ರೂಪಾಯಿ ನೀಡುವ ಯೋಜನೆ ಬಂದಾಗ ರೋಗಿಯ ಬ್ಯಾಂಕ್ ಖಾತೆಯ ವಿವರವೂ ಅಲ್ಲಿ ಸೇರಿತು.

ಈ ಬದಲಾವಣೆಯ ಪ್ರಯೋಜನವನ್ನು ಅಲ್ಲಗಳೆಯಲಾಗದು. ಪ್ರತಿ ತಿಂಗಳ ಅಂಕಿಯಲ್ಲಿ ಮರೆಯಾಗುತ್ತಿದ್ದ ಗರ್ಭಿಣಿಯನ್ನು ಹೆಸರು ಹಿಡಿದು ಕರೆಯಲು, ಮಾತ್ರೆ ನಿಲ್ಲಿಸಿದ ಕ್ಷಯರೋಗಿಯನ್ನು ಹುಡುಕಿ ಹೋಗಲು ಇದು ದಾರಿಯಾಯಿತು. ಆದರೆ ಹಳೆಯ ವ್ಯವಸ್ಥೆಯ ಮೂಲ ಲಕ್ಷಣ ಇಲ್ಲಿ ತಲೆಕೆಳಗಾಯಿತು. ದಾಖಲೆ ಮೇಲೇರಿದಂತೆ ಕಳಚಿಕೊಳ್ಳುತ್ತಿದ್ದ ಹೆಸರು ಈಗ ಕೊನೆಯವರೆಗೂ ಜೊತೆಗೇ ಪ್ರಯಾಣ ಮಾಡುತ್ತದೆ. ಹಿಂದೆ ಒಂದು ರಿಜಿಸ್ಟರು ಕಳುವಾದರೆ ಒಂದು ಗ್ರಾಮದ ಗುಟ್ಟು ಹೊರಬೀಳುತ್ತಿತ್ತು. ಈಗ ಒಂದು ಕಡೆಯ ಲೋಪ ಕೋಟ್ಯಂತರ ಜನರನ್ನು ತಟ್ಟಬಲ್ಲದು. 2022ರ ನವೆಂಬರಿನಲ್ಲಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಸರ್ವರುಗಳ ಮೇಲೆ ನಡೆದ ಸೈಬರ್ ದಾಳಿಯಿಂದ ಅಲ್ಲಿನ ಕೆಲಸ ಹಲವು ದಿನಗಳ ಕಾಲ ಮತ್ತೆ ಕಾಗದಕ್ಕೆ ಮರಳಬೇಕಾಯಿತು.

2020ರ ಅನುಭವ

ಕೋವಿಡ್ ಸಾಂಕ್ರಾಮಿಕವು ಬಾಗಿಲ ಗುರುತನ್ನು ಮತ್ತೆ ತಂದಿತು. 2020ರ ಮಾರ್ಚಿನಲ್ಲಿ ಕರ್ನಾಟಕ ಸರ್ಕಾರವು ಗೃಹ ಸಂಪರ್ಕ ತಡೆಯಲ್ಲಿದ್ದವರ ವಿಳಾಸಗಳ ಪಟ್ಟಿಯನ್ನು ಅಂತರಜಾಲದಲ್ಲಿ ಪ್ರಕಟಿಸಿತು. ಮನೆಗಳ ಮುಂದೆ ಸೂಚನಾ ಪತ್ರಗಳು ಅಂಟಿಕೊಂಡವು. ಬೇವಿನ ಸೊಪ್ಪಿಗೂ ಇದಕ್ಕೂ ಇರುವ ಅಂತರ ಸ್ಪಷ್ಟ. ಸೊಪ್ಪನ್ನು ಮನೆಯವರು ಕಟ್ಟುತ್ತಿದ್ದರು, ಪತ್ರವನ್ನು ಅಧಿಕಾರಿಗಳು ಅಂಟಿಸಿದರು. ಸೊಪ್ಪು ಬೀದಿಗೆ ಮಾತ್ರ ಕಾಣುತ್ತಿತ್ತು, ಪಟ್ಟಿ ಜಗತ್ತಿಗೆಲ್ಲ ಕಂಡಿತು. ಸೊಪ್ಪು ಉದುರಿತು, ಮೊಬೈಲಿನಿಂದ ಮೊಬೈಲಿಗೆ ದಾಟಿದ ಪಟ್ಟಿಯನ್ನು ಯಾರೂ ಹಿಂದಕ್ಕೆ ಪಡೆಯಲಾರರು. ಸಕ್ಷಮ ಪ್ರಾಧಿಕಾರದ ನಿರ್ದಿಷ್ಟ ಆದೇಶವಿಲ್ಲದೆ ಸೋಂಕಿತರ ಮನೆಗಳ ಮುಂದೆ ಇಂತಹ ಪತ್ರ ಅಂಟಿಸಬಾರದೆಂದು ಸುಪ್ರೀಂ ಕೋರ್ಟು 2020ರ ಡಿಸೆಂಬರಿನಲ್ಲಿ ಹೇಳಿತು.

ತುಮಕೂರು ಜಿಲ್ಲೆಯ ಮೊದಲ ಕೋವಿಡ್ ಮರಣ 2020ರ ಮಾರ್ಚ್ ಕೊನೆಯಲ್ಲಿ ಸಂಭವಿಸಿತು. ಮೃತರು ಶಿರಾ ಭಾಗದವರು. ಆ ದಿನಗಳ ಸರ್ಕಾರಿ ಪ್ರಕಟಣೆಗಳು ರೋಗಿಗಳನ್ನು ಹೆಸರಿನಿಂದಲ್ಲದೆ ಸಂಖ್ಯೆಯಿಂದ ಸೂಚಿಸುತ್ತಿದ್ದವು. ಜೊತೆಗೆ ವಯಸ್ಸು, ಲಿಂಗ, ಪ್ರಯಾಣದ ವಿವರಗಳಿರುತ್ತಿದ್ದವು. ಮಹಾನಗರದಲ್ಲಿ ಇಷ್ಟರಿಂದ ವ್ಯಕ್ತಿಯನ್ನು ಗುರುತಿಸುವುದು ಕಷ್ಟ. ಸಣ್ಣ ಪಟ್ಟಣದಲ್ಲಿ ಇದೇ ಹೆಸರಿಗೆ ಸಮ. ಆ ವಿವರಗಳನ್ನು ಇಲ್ಲಿ ಪುನರುಕ್ತಿಸುವ ಅಗತ್ಯವಿಲ್ಲ. ಹೆಸರನ್ನು ಅಳಿಸಿದ ಮಾತ್ರಕ್ಕೆ ಗೋಪ್ಯತೆ ಸಿದ್ಧಿಸುವುದಿಲ್ಲ ಎಂಬುದಕ್ಕೆ ಗ್ರಾಮೀಣ ತಾಲ್ಲೂಕುಗಳೇ ಅತ್ಯುತ್ತಮ ನಿದರ್ಶನ.

‘ಆರೋಗ್ಯ ಸೇತು’ ಆ್ಯಪ್‌ನ ವಿಷಯ ಕರ್ನಾಟಕ ಹೈಕೋರ್ಟಿನ ಮುಂದೆ ಬಂದಾಗ, ಬಳಕೆದಾರರ ತಿಳಿವಳಿಕೆಯ ಒಪ್ಪಿಗೆಯಿಲ್ಲದೆ ಅವರ ಆರೋಗ್ಯ ಮಾಹಿತಿಯನ್ನು ಹಂಚಿಕೊಳ್ಳದಂತೆ ನ್ಯಾಯಾಲಯವು 2021ರ ಜನವರಿ 25ರಂದು ಮಧ್ಯಂತರ ಆದೇಶ ನೀಡಿತು. ಅದಕ್ಕೆ ತಳಹದಿಯಾದ ಖಾಸಗಿತನದ ಮೂಲಭೂತ ಹಕ್ಕಿನ ತೀರ್ಪು ಹೊರಬಂದದ್ದು 2017ರ ಆಗಸ್ಟ್ 24ರಂದು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ್ದ ಮೊಕದ್ದಮೆಯಲ್ಲಿ. ಒಂಬತ್ತು ನ್ಯಾಯಮೂರ್ತಿಗಳ ಪೀಠವು ಆ ತೀರ್ಪನ್ನು ಏಕಮತದಿಂದ ನೀಡಿತು.

ಜಾಲತಾಣದ ಹೊಣೆ ಮತ್ತು ಕಾನೂನು

ಆರೋಗ್ಯ ಜಾಲತಾಣಗಳ ಮೇಲಿನ ಕಾನೂನಿನ ನಿಯಂತ್ರಣ ಹಂತಹಂತವಾಗಿ ಬಂದಿತು. 2011ರ ಮಾಹಿತಿ ತಂತ್ರಜ್ಞಾನ ನಿಯಮಗಳು ದೈಹಿಕ, ಮಾನಸಿಕ ಆರೋಗ್ಯಸ್ಥಿತಿ ಹಾಗೂ ವೈದ್ಯಕೀಯ ದಾಖಲೆಗಳನ್ನು ಸೂಕ್ಷ್ಮ ವೈಯಕ್ತಿಕ ಮಾಹಿತಿಯೆಂದು ಗುರುತಿಸಿದವು. ಅವನ್ನು ಸಂಗ್ರಹಿಸುವ ಕಂಪನಿಗಳು ಗೋಪ್ಯತಾ ನೀತಿಯನ್ನು ಪ್ರಕಟಿಸಬೇಕು, ಲಿಖಿತ ಒಪ್ಪಿಗೆ ಪಡೆಯಬೇಕು, ಅಗತ್ಯ ಮೀರಿದ ಕಾಲ ವಿವರಗಳನ್ನು ಇಟ್ಟುಕೊಳ್ಳಬಾರದು ಎಂದು ವಿಧಿಸಿದವು. ಆದರೆ ಆ ನಿಯಮಗಳ ಹೊಣೆ ಕಂಪನಿಗಳಿಗೆ ಸೀಮಿತವಾಗಿತ್ತು. ಸರ್ಕಾರಿ ಆಸ್ಪತ್ರೆಯನ್ನೇ ನೆಚ್ಚಿದ ಗ್ರಾಮೀಣ ರೋಗಿಗೆ ಅವುಗಳಿಂದ ದೊರೆತದ್ದು ಅಲ್ಪ.

2021ರ ಸೆಪ್ಟೆಂಬರಿನಲ್ಲಿ ದೇಶದಾದ್ಯಂತ ಆರಂಭಗೊಂಡ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಪ್ರತಿಯೊಬ್ಬರಿಗೂ 14 ಅಂಕಿಗಳ ಆಭಾ ಸಂಖ್ಯೆ ಪಡೆಯುವ ಅವಕಾಶ ಕಲ್ಪಿಸಿತು. ದಾಖಲೆಗಳು ಆಯಾ ಆಸ್ಪತ್ರೆಯಲ್ಲೇ ಉಳಿದು, ರೋಗಿಯ ಒಪ್ಪಿಗೆಯ ಮೇರೆಗೆ ಮಾತ್ರ ಇನ್ನೊಂದೆಡೆಗೆ ಸಾಗುವುದು ಇದರ ವಿನ್ಯಾಸ. ಸಂಖ್ಯೆ ಪಡೆಯುವುದು ಐಚ್ಛಿಕ. ದೂರದ ಆಸ್ಪತ್ರೆಗೆ ಹೋಗಿ ಗುಟ್ಟು ಕಾಯ್ದುಕೊಳ್ಳುತ್ತಿದ್ದ ರೋಗಿಗೆ ಇನ್ನು ಮುಂದೆ ದೂರ ರಕ್ಷಣೆಯಾಗದು, ಒಪ್ಪಿಗೆಯೇ ರಕ್ಷಣೆಯಾಗಬೇಕು. ಆದುದರಿಂದ ಆ ಒಪ್ಪಿಗೆ ಎಷ್ಟು ನೈಜವಾದುದು ಎಂಬುದು ಮುಖ್ಯ ಪ್ರಶ್ನೆ. ಮನೆಗೊಂದೇ ಮೊಬೈಲು ಇರುವಲ್ಲಿ ಹೆಂಗಸಿನ ಆರೋಗ್ಯಕ್ಕೆ ಸಂಬಂಧಿಸಿದ ಒಟಿಪಿ ಗಂಡನ ಅಥವಾ ಮಗನ ಕೈಗೆ ಬರುತ್ತದೆ. ಸೇವಾ ಕೇಂದ್ರದಲ್ಲಿ ಬೇರೊಬ್ಬರು ಪರದೆ ನೋಡಿ ಒಪ್ಪಿಗೆಯ ಗುಂಡಿ ಒತ್ತಿದಾಗ, ಒಪ್ಪಿದವರು ಯಾರೆಂದು ಹೇಳುವುದು ಕಷ್ಟ.

2023ರ ಆಗಸ್ಟಿನಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯಿದೆಯ ನಿಯಮಗಳು 2025ರ ನವೆಂಬರಿನಲ್ಲಿ ಹೊರಬಂದು, ಹಂತಹಂತವಾಗಿ ಜಾರಿಗೆ ಬರುವಂತೆ ರೂಪಿತವಾಗಿವೆ. ಒಪ್ಪಿಗೆಯ ಕೋರಿಕೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಇರಬೇಕೆಂದು ಕಾಯಿದೆ ಹೇಳುತ್ತದೆ. ಹೀಗಾಗಿ ಕನ್ನಡದಲ್ಲಿ ತಿಳಿದುಕೊಳ್ಳುವುದು ಈ ತಾಲ್ಲೂಕುಗಳ ಜನರಿಗೆ ಕಾನೂನುಬದ್ಧ ಹಕ್ಕಾಗಲಿದೆ. ತಿದ್ದುಪಡಿ ಮತ್ತು ಅಳಿಸುವಿಕೆಯನ್ನು ಕೋರುವ ಹಕ್ಕುಗಳೂ ಇದರಲ್ಲಿವೆ. ದಂಡದ ಮೊತ್ತ 250 ಕೋಟಿ ರೂಪಾಯಿಗಳವರೆಗೆ ಏರಬಹುದು. ಆದರೆ 2011ರ ನಿಯಮಗಳಂತೆ ಆರೋಗ್ಯ ಮಾಹಿತಿಯನ್ನು ಪ್ರತ್ಯೇಕ ಸೂಕ್ಷ್ಮ ವರ್ಗವಾಗಿ ಈ ಕಾಯಿದೆ ಪರಿಗಣಿಸುವುದಿಲ್ಲ. ಸಾಂಕ್ರಾಮಿಕದ ಸಂದರ್ಭದಲ್ಲಿ ಒಪ್ಪಿಗೆಯಿಲ್ಲದೆಯೂ ಮಾಹಿತಿ ಬಳಸಲು ಅವಕಾಶವಿದೆ. ಸರ್ಕಾರದ ಅಂಗಗಳಿಗೆ ವಿನಾಯಿತಿ ನೀಡುವ ಅಧಿಕಾರವೂ ಉಳಿದಿದೆ. 2020ರ ಅನುಭವವನ್ನು ನೆನೆದರೆ ಈ ಅವಕಾಶಗಳ ಬಳಕೆಯನ್ನು ಎಚ್ಚರದಿಂದ ಗಮನಿಸಬೇಕಾಗುತ್ತದೆ.

ಸಮಾರೋಪ

ಮೇಲಿನ ಪರಿಶೀಲನೆಯಿಂದ ಕೆಲವು ಅಂಶಗಳು ವ್ಯಕ್ತವಾಗುತ್ತವೆ. ರೋಗಿಯ ವಿವರಗಳ ಗೋಪ್ಯತೆ ಜಾಲತಾಣಗಳೊಡನೆ ಹುಟ್ಟಿದ ಸಮಸ್ಯೆಯಲ್ಲ. ಪಟೇಲನ ರಿಜಿಸ್ಟರಿನಲ್ಲೂ ಅದು ಇತ್ತು. ಹಿಂದೆ ಹೆಸರು ಹತ್ತಿರದವರಿಗೆ ತಿಳಿದು ದೂರದವರಿಗೆ ಮರೆಯಾಗಿತ್ತು. ಈಗ ಹತ್ತಿರ, ದೂರ ಎರಡೂ ಕಡೆ ಅದು ತೆರೆದುಕೊಳ್ಳುವ ಸಂಭವವಿದೆ. ಕಾಗದದ ಮಿತಿ ತಾನಾಗಿಯೇ ಮಾಡುತ್ತಿದ್ದ ಕೆಲಸವನ್ನು ಈಗ ಕಾನೂನು ಉದ್ದೇಶಪೂರ್ವಕವಾಗಿ ಮಾಡಬೇಕಾಗಿದೆ. ಯಾವ ಓದುಗನಿಗೆ ಯಾವ ಕಲಮು ಎಂಬ 1969ರ ಆ ಪುಟ್ಟ ಷರತ್ತಿನ ವಿವೇಕವೇ ಅದಕ್ಕೆ ಮಾದರಿ.

ಈ ಮಾತು ಸಂಶೋಧಕರಿಗೂ ಅನ್ವಯಿಸುತ್ತದೆ. ನಾಲ್ಕು ತಾಲ್ಲೂಕುಗಳ ಹಳೆಯ ಮರಣ ರಿಜಿಸ್ಟರುಗಳು, ಆಸ್ಪತ್ರೆಯ ಪುಸ್ತಕಗಳು, ಕುಷ್ಠ ಸಮೀಕ್ಷೆಯ ಚೀಟಿಗಳು ಸಾಮಾಜಿಕ ಇತಿಹಾಸಕ್ಕೆ ಅಮೂಲ್ಯ ಆಕರಗಳು. ಅವನ್ನು ಸಂರಕ್ಷಿಸಬೇಕು, ಅಧ್ಯಯನ ಮಾಡಬೇಕು. ಆದರೆ ಅವುಗಳಲ್ಲಿರುವ ಹೆಸರುಗಳ ವಾರಸುದಾರರು ಇಂದಿಗೂ ಅದೇ ಊರುಗಳಲ್ಲಿ ಬಾಳುತ್ತಿದ್ದಾರೆ. ಅಂಕಿಗಳನ್ನು ಪ್ರಕಟಿಸಿ ಹೆಸರನ್ನು ಊರಿನಲ್ಲೇ ಬಿಡುವ ಹಳೆಯ ಕ್ರಮವನ್ನು ಇತಿಹಾಸಕಾರರು ತಿಳಿದೇ ಪಾಲಿಸುವುದು ಉಚಿತ.