ಅವಧಿಯಿದ್ದ ಶಿಕ್ಷೆ, ಅವಧಿಯಿಲ್ಲದ ಶಿಕ್ಷೆ: ಧಾರವಾಡದ ವಿದ್ಯಾವಲಯ ಮತ್ತು ವಾಕ್ ಸ್ವಾತಂತ್ರ್ಯ

ಮಲಪ್ರಭೆಯ ದಂಡೆಯ, ರೋಣ ತಾಲೂಕಿನ ಹೊಳೆಮಣ್ಣೂರಿನಂಥ ಊರುಗಳಿಂದ ಹೆಚ್ಚಿನ ಓದಿಗೆ ಹೊರಟವರು ಬಹುಕಾಲ ಧಾರವಾಡದ ದಾರಿ ಹಿಡಿದರು. 1997ರಲ್ಲಿ ಗದಗ ಪ್ರತ್ಯೇಕ ಜಿಲ್ಲೆಯಾಗುವವರೆಗೂ ರೋಣ ತಾಲೂಕು ಧಾರವಾಡ ಜಿಲ್ಲೆಯಲ್ಲೇ ಇತ್ತು. ಗದಗ ಜಿಲ್ಲೆ ಇಂದಿಗೂ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದೆ. ಈ ಸೀಮೆಯ ವಿದ್ಯಾವಂತರು ಏನು ಮಾತಾಡಿ ಏನು ತೆತ್ತರೆಂದು ತಿಳಿಯಲು ಧಾರವಾಡದ ಚರಿತ್ರೆಯನ್ನೇ ಕೆದಕಬೇಕು.

ಮೊದಲ ಪ್ರಕರಣ ಶಾಲಾ ಶಿಕ್ಷಕರೊಬ್ಬರದು. ‘ನರಬಲಿ’ ಕವಿತೆಗಾಗಿ 1932ರಲ್ಲಿ ದ.ರಾ. ಬೇಂದ್ರೆಯವರನ್ನು ಬ್ರಿಟಿಷ್ ಸರ್ಕಾರ ಹಿಂಡಲಗಾ ಜೈಲಿಗೆ ಹಾಕಿತು. ಆಮೇಲೆ ಮುಗದದಲ್ಲಿ ಕಣ್ಗಾವಲಿನಲ್ಲಿ ಇರಿಸಿತು. ನೌಕರಿಯೂ ಹೋಯಿತು. ಕಷ್ಟ ಸಣ್ಣದಲ್ಲ. ಆದರೂ ಶಿಕ್ಷಿಸಿದವರು ಯಾರು, ಯಾವ ಬರಹಕ್ಕಾಗಿ, ಎಷ್ಟು ದಿನ ಎಂಬುದು ಎಲ್ಲರಿಗೂ ಗೊತ್ತಿತ್ತು.

ಸ್ವಾತಂತ್ರ್ಯಾನಂತರ ಚರ್ಚೆಯ ಕಾವು ತರಗತಿಗಿಂತ ಕಿರುಪತ್ರಿಕೆಗಳಲ್ಲಿ ಹೆಚ್ಚಿತ್ತೆಂದು ನನಗೆ ತೋರುತ್ತದೆ. ರೋಣ ತಾಲೂಕಿನ ಅಬ್ಬಿಗೇರಿಯ ಗಿರಡ್ಡಿ ಗೋವಿಂದರಾಜ, ಚಂದ್ರಶೇಖರ ಪಾಟೀಲ, ಸಿದ್ಧಲಿಂಗ ಪಟ್ಟಣಶೆಟ್ಟಿ ಕೂಡಿ 1964ರಲ್ಲಿ ‘ಸಂಕ್ರಮಣ’ ಆರಂಭಿಸಿದರು. ತುರ್ತುಪರಿಸ್ಥಿತಿಯಲ್ಲಿ ಪಾಟೀಲರು ಜೈಲು ಕಂಡರು. ಅದೂ ಸರ್ಕಾರ ಕೊಟ್ಟ ಶಿಕ್ಷೆಯೇ. ತುರ್ತುಪರಿಸ್ಥಿತಿ ಮುಗಿದದ್ದೇ ಅದರ ಕಥೆಯೂ ಮುಗಿಯಿತು.

ಎಂ.ಎಂ. ಕಲಬುರ್ಗಿಯವರ ಪ್ರಕರಣ ಈ ಸಾಲಿಗೆ ಸೇರುವುದಿಲ್ಲ. ಕರ್ನಾಟಕ ವಿಶ್ವವಿದ್ಯಾಲಯದ ಈ ಕನ್ನಡ ಪ್ರಾಧ್ಯಾಪಕರು ತಮ್ಮ ಸಂಶೋಧನ ಲೇಖನಗಳ ಸಂಕಲನ ‘ಮಾರ್ಗ’ದ ಮೊದಲ ಸಂಪುಟದಲ್ಲಿ ಎರಡು ಊಹೆಗಳನ್ನು ಮುಂದಿಟ್ಟರು. ಬಸವಣ್ಣನ ಹೆಂಡತಿ ನೀಲಾಂಬಿಕೆಯ ಎರಡು ವಚನಗಳ ಆಧಾರದಿಂದ, ಆಕೆ ಮತ್ತು ಬಸವಣ್ಣನ ದಾಂಪತ್ಯದಲ್ಲಿ ದೈಹಿಕ ಸಂಬಂಧ ಇರದಿದ್ದಿರಬಹುದು ಎಂಬುದು ಒಂದು. ಶರಣ ಚನ್ನಬಸವಣ್ಣ ಬಸವಣ್ಣನ ಅಕ್ಕ ನಾಗಲಾಂಬಿಕೆ ಮತ್ತು ಚರ್ಮ ಹದ ಮಾಡುವ ಜಾತಿಯ ಡೋಹರ ಕಕ್ಕಯ್ಯನ ಮಗ ಎಂಬುದು ಇನ್ನೊಂದು. ಹನ್ನೆರಡನೆಯ ಶತಮಾನದ ಶರಣರು ಜಾತಿ ಮುರಿದರೆಂದು ವೇದಿಕೆಯ ಮೇಲೆ ಹೊಗಳುವ ಸಮಾಜಕ್ಕೆ, ಹಾಗೆ ಮುರಿದದ್ದರ ಫಲವಾಗಿ ಒಬ್ಬ ಶರಣ ಹುಟ್ಟಿರಬಹುದೆಂಬ ಮಾತು ಸಹ್ಯವಾಗಲಿಲ್ಲ. ವಚನಗಳ ಪಾಠ ಸರಿಯೇ, ಅವುಗಳಿಂದ ಇಷ್ಟು ದೊಡ್ಡ ತೀರ್ಮಾನ ಹೊರಡುತ್ತದೆಯೇ ಎಂದು ಕೇಳಬಹುದಿತ್ತು. ನಾನಾದರೂ ಮೊದಲು ಅದನ್ನೇ ಕೇಳುತ್ತಿದ್ದೆ. ಲಿಂಗಾಯತ ಸಮುದಾಯದ ಒತ್ತಡಕ್ಕೆ ಬೇಕಾದದ್ದು ಅದಲ್ಲ. 1989ರಲ್ಲಿ ಅವರು ಬರೆದದ್ದನ್ನು ಹಿಂತೆಗೆದುಕೊಳ್ಳಬೇಕಾಯಿತು. ಮನೆಮಂದಿಯ ಜೀವ ಉಳಿಸಲು ಹಾಗೆ ಮಾಡಿದೆ, ಅಂದು ಬೌದ್ಧಿಕವಾಗಿ ಆತ್ಮಹತ್ಯೆ ಮಾಡಿಕೊಂಡೆ ಎಂದು ಅವರೇ ನೊಂದು ಹೇಳಿಕೊಂಡರು. ಇಲ್ಲಿ ಕೋರ್ಟಿನ ತೀರ್ಪಿಲ್ಲ, ಮುಗಿಯುವ ತಾರೀಖೂ ಇಲ್ಲ.

ಮೈಸೂರಿನ ಬೂಸಾ ಪ್ರಕರಣವನ್ನು ಇದರ ಪಕ್ಕಕ್ಕಿಟ್ಟು ನೋಡಬೇಕು. 1973ರ ನವೆಂಬರಿನಲ್ಲಿ ಸಚಿವ ಬಿ. ಬಸವಲಿಂಗಪ್ಪ ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಎಂದಾಗ ವಿದ್ಯಾರ್ಥಿಗಳು ಬೀದಿಗಿಳಿದರು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಸಚಿವರು ರಾಜೀನಾಮೆ ಕೊಟ್ಟರು. ಆದರೆ ಆ ರೊಚ್ಚಿಗೆ ಪ್ರತಿಯಾಗಿ ದಲಿತ ಸಂಘಟನೆ ಬೆಳೆಯಿತು, ಹೊಸ ಬರವಣಿಗೆ ಬಂತು. 1989ರ ಧಾರವಾಡಕ್ಕೆ ಅಂಥ ಉತ್ತರ ಸಿಗಲಿಲ್ಲ.

ಕಲಬುರ್ಗಿ ಬರೆಯುವುದನ್ನು ಬಿಡಲಿಲ್ಲ. ‘ಮಾರ್ಗ-4’ಕ್ಕೆ 2006ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಕಲ್ಯಾಣನಗರದ ಮನೆಯಲ್ಲಿ ಅವರನ್ನು ಗುಂಡಿಟ್ಟು ಕೊಂದರು. ಇದನ್ನು ಪ್ರತಿಭಟಿಸಿ ಚಂದ್ರಶೇಖರ ಪಾಟೀಲರು ತಮ್ಮ ಪಂಪ ಪ್ರಶಸ್ತಿಯನ್ನು ಸರ್ಕಾರಕ್ಕೆ ಹಿಂತಿರುಗಿಸಿದರು. ನೀಲಾಂಬಿಕೆಯ ಆ ಎರಡು ವಚನಗಳಿಂದ ಕಲಬುರ್ಗಿಯವರ ಊಹೆ ಹೊರಡುತ್ತದೆಯೋ ಇಲ್ಲವೋ ಎಂಬುದು ಈಗಲೂ ತರಗತಿಯಲ್ಲಿ ಚರ್ಚಿಸಬಹುದಾದ ಪ್ರಶ್ನೆಯೇ.