ಕೈಬಿಡೋಕೆ ಕಲಿತ ಹಾಯಿ

ನಮ್ಮ ಮನೆಯ ಸ್ಟೋರ್‌ರೂಮಿನಲ್ಲಿ ಹರಿದ ಹಾಯಿಯೊಂದು ಸುರುಳಿ ಸುತ್ತಿಕೊಂಡು ಬಿದ್ದಿದೆ. 5.8 ಚದರ ಮೀಟರ್, ಎರಡು ಕ್ಯಾಮ್. ರಿಪೇರಿ ಮಾಡಿಸೋಕೆ ಕೇಳಿದ ದುಡ್ಡಿಗೆ ಇನ್ನೊಂದು ಸೆಕೆಂಡ್‌ಹ್ಯಾಂಡ್ ಹಾಯಿಯೇ ಬರುತ್ತೆ. ಬಿಸಾಕೋಕೂ ಮನಸ್ಸಿಲ್ಲ. ಅದನ್ನ ಕಂಡಾಗಲೆಲ್ಲ ಒಂದು ಅಕ್ಟೋಬರ್ ಮಧ್ಯಾಹ್ನ ನೆನಪಾಗುತ್ತೆ.

ಜಾಗ ನೆದರ್ಲೆಂಡ್ಸ್‌ನ ವೈಕ್ ಆನ್ ಝೇ. ಕೆಲಸದ ಮೇಲೆ ಈ ದೇಶಕ್ಕೆ ಬಂದವನು ನಾನು. ಎರಡು ಬೇಸಿಗೆ ಒಳನಾಡಿನ ಕೆರೆಗಳಲ್ಲಿ ವಿಂಡ್‌ಸರ್ಫಿಂಗ್ ಕಲಿತು, ಇನ್ನು ಸಮುದ್ರವೇ ಸೈ ಅಂತ ಹೊರಟಿದ್ದೆ. 25 ನಾಟ್ ಗಾಳಿ, ಎದೆಯೆತ್ತರದ ಅಲೆ. ಕೆರೆಯಲ್ಲಿ ನನ್ನನ್ನ ಬಾಣದ ಹಾಗೆ ಓಡಿಸಿದ್ದ ಹಾಯಿಯನ್ನೇ ಕಟ್ಟಿಕೊಂಡು ಇಳಿದೆ. ಮೂರನೇ ಅಲೆಗೆ ಬಿದ್ದೆ. ಹಾಯಿಯ ಅಗಲ ತೋಳಿನೊಳಗೆ ನೀರು ತುಂಬಿ, ಅದು ನೆನೆದ ಕಂಬಳಿಯ ಹಾಗೆ ಭಾರವಾಯ್ತು. ಎತ್ತೋಕೆ ಆಗಲಿಲ್ಲ. ಮುಂದಿನ ಅಲೆ ಅದರ ಮೇಲೇ ಮುರಿದು ಬಿತ್ತು. ಮಾಸ್ಟ್ ಮುರಿದ ಸದ್ದು ನೀರಿನೊಳಗಿಂದಲೂ ಕೇಳಿಸಿತು. ದಡ ನೂರು ಮೀಟರ್ ಇದ್ದಿರಬಹುದು. ಅದನ್ನ ಈಜೋಕೆ ನನಗೆ ಅರ್ಧ ಗಂಟೆಯ ಹತ್ತಿರ ಹಿಡಿಯಿತು.

ದಡದಲ್ಲಿದ್ದ ಅರವತ್ತರ ಆಸುಪಾಸಿನ ಒಬ್ಬರು ನನ್ನ ಬೋರ್ಡ್ ಎಳೆದು ಹಾಕಿದರು. ಹಾಯಿಯನ್ನೊಮ್ಮೆ ನೋಡಿ, ‘ಇದು ಒಳ್ಳೇ ಹಾಯಿ, ಆದ್ರೆ ಇದಕ್ಕೆ ಬಿಡೋದು ಗೊತ್ತಿಲ್ಲ’ ಅಂದರು. ಆಗ ನನಗದು ಅರ್ಥವಾಗಲಿಲ್ಲ. ಅಲೆಗೆ ಹಾಯಿ ಆರಿಸೋದು ಹೇಗೆ ಅಂತ ಹುಡುಕುತ್ತಾ ಹೋದವನಿಗೆ ಕೊನೆಗೆ ಸಿಕ್ಕಿದ್ದು ಇತಿಹಾಸ. ಇವತ್ತು ಅಂಗಡಿಯಲ್ಲಿ ತೂಗುಹಾಕಿರೋ ಒಂದು ವೇವ್ ಹಾಯಿಯ ಪ್ರತಿ ಹೊಲಿಗೆಯ ಹಿಂದೆ ಯಾರೋ ನೀರು ಕುಡಿದ ಕಥೆಯಿದೆ.

ಕಥೆ ಶುರುವಾಗೋದು ಅಲೆಯೇ ಇಲ್ಲದ ಜಾಗದಲ್ಲಿ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ನ್ಯೂಮನ್ ಡಾರ್ಬಿ ಮತ್ತು ಅವರ ಹೆಂಡತಿ ನವೋಮಿ 1964ರಲ್ಲಿ ಒಂದು ಹಲಗೆಗೆ ಹಾಯಿ ಕಟ್ಟಿ ನದಿ ನೀರಿನಲ್ಲಿ ತೇಲಿಸಿದರು. ಹಾಯಿ ನಮ್ಮ ಗಾಳಿಪಟದ ಆಕಾರದ್ದು. ಸವಾರ ಅದಕ್ಕೆ ಬೆನ್ನು ಕೊಟ್ಟು ನಿಲ್ಲಬೇಕಿತ್ತು. 1965ರ ಆಗಸ್ಟ್‌ನಲ್ಲಿ ‘ಪಾಪ್ಯುಲರ್ ಸೈನ್ಸ್’ ಪತ್ರಿಕೆಯಲ್ಲಿ ಡಾರ್ಬಿ ಇದರ ಬಗ್ಗೆ ಬರೆದರು, ಮಾರೋಕೂ ನೋಡಿದರು. ಪೇಟೆಂಟ್ ಮಾತ್ರ ಮಾಡಿಸಲಿಲ್ಲ.

ಎರಡು ವರ್ಷದ ನಂತರ ಕ್ಯಾಲಿಫೋರ್ನಿಯಾದಲ್ಲಿ ಇನ್ನೊಂದು ಜೋಡಿ. ಜಿಮ್ ಡ್ರೇಕ್ ವಿಮಾನಗಳ ಎಂಜಿನಿಯರ್, ಹಾಯಿಲ್ ಶ್ವೈಟ್ಜರ್ ಸರ್ಫಿಂಗ್ ಹುಚ್ಚಿನ ಉದ್ಯಮಿ. 1967ರ ಮೇ ತಿಂಗಳಲ್ಲಿ ಡ್ರೇಕ್ ತಮ್ಮ ಮೊದಲ ಮಾದರಿಯನ್ನ ನೀರಿಗಿಳಿಸಿದರು. ಮಾಸ್ಟ್‌ನ ಬುಡದಲ್ಲಿ ಎಲ್ಲಾ ದಿಕ್ಕಿಗೂ ಬಾಗುವ ಕೀಲು, ಸವಾರನ ಎರಡೂ ಪಕ್ಕಕ್ಕೆ ಹಾಯುವ ಬೂಮ್. ಚುಕ್ಕಾಣಿಯೇ ಇಲ್ಲ. ಹಾಯಿಯನ್ನ ಮುಂದೆ ವಾಲಿಸಿದರೆ ಬೋರ್ಡ್ ಗಾಳಿಯಿಂದ ದೂರ ತಿರುಗುತ್ತೆ, ಹಿಂದೆ ವಾಲಿಸಿದರೆ ಗಾಳಿಯ ಕಡೆ. ಇದರ ಜೊತೆಗೇ ಬಂದ ಇನ್ನೊಂದು ಗುಣಕ್ಕೆ ನಾವು ಅಷ್ಟು ಬೆಲೆ ಕೊಡಲ್ಲ. ಗಾಳಿ ಜಾಸ್ತಿಯಾದರೆ ಕೈಬಿಟ್ಟರಾಯ್ತು, ಹಾಯಿ ತಾನಾಗಿ ನೀರಿಗೆ ಬೀಳುತ್ತೆ. ದೋಣಿ ಮಗುಚೋ ಭಯವೇ ಇಲ್ಲ. ಅಂದರೆ ಕೈಬಿಡೋ ಗುಣ ಈ ಆಟದ ಹುಟ್ಟಿನಲ್ಲೇ ಇತ್ತು.

ಇವರಿಬ್ಬರು 1968ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು, 1970ರಲ್ಲಿ ಸಿಕ್ಕಿತು. ಡ್ರೇಕ್ ತಮ್ಮ ಪಾಲನ್ನ 1973ರಲ್ಲಿ 36,000 ಡಾಲರ್‌ಗೆ ಮಾರಿಬಿಟ್ಟರು. ಆಮೇಲೆ ಯುರೋಪಿನಲ್ಲಿ ಬೋರ್ಡ್‌ಗಳು ಹೋಗಿದ್ದು ನೋಡಿದರೆ, ಸ್ಟಾರ್ಟಪ್ ಷೇರನ್ನ ಮೊದಲೇ ಮಾರಿಕೊಂಡ ಗೆಳೆಯರು ನೆನಪಾಗ್ತಾರೆ, ಅಲ್ವಾ? ಆದರೆ ಶ್ವೈಟ್ಜರ್ ಹಾದಿಯೂ ಸಲೀಸಾಗಿರಲಿಲ್ಲ. ಬ್ರಿಟನ್ನಿನ ಕೋರ್ಟಿನಲ್ಲಿ ಟಾಬುರ್ ಮರೀನ್ ಎಂಬ ಕಂಪನಿಯ ವಿರುದ್ಧ ನಡೆದ ಮೊಕದ್ದಮೆಯಲ್ಲಿ ಪೀಟರ್ ಚಿಲ್ವರ್ಸ್ ಅನ್ನೋರ ಹೆಸರು ಬಂತು. 1958ರಲ್ಲಿ, ಹನ್ನೆರಡು ವರ್ಷದ ಹುಡುಗನಾಗಿದ್ದಾಗ, ಹೇಲಿಂಗ್ ದ್ವೀಪದಲ್ಲಿ ಅವರು ಇಂಥದ್ದೇ ಒಂದನ್ನ ಮಾಡಿ ಆಡಿದ್ದರು. ಅದೂ ಡಾರ್ಬಿಯ ಲೇಖನವೂ ಸೇರಿ ಬ್ರಿಟಿಷ್ ಪೇಟೆಂಟ್ ರದ್ದಾಯ್ತು. ಒಂದು ಆವಿಷ್ಕಾರ ನಿಜಕ್ಕೂ ಹೊಸದೋ ಅಥವಾ ಯಾರಿಗಾದರೂ ಸಹಜವಾಗಿ ಹೊಳೆಯುವಂಥದ್ದೋ ಅಂತ ತೂಗೋಕೆ ಅಲ್ಲಿನ ಪೇಟೆಂಟ್ ವಕೀಲರು ಆ ತೀರ್ಪನ್ನ ಈಗಲೂ ಉಲ್ಲೇಖಿಸ್ತಾರೆ. ಅತ್ತ ಅಮೆರಿಕದಲ್ಲಿ 1986ರಲ್ಲಿ ಪೇಟೆಂಟ್ ಉಳಿಯಿತು, ಆದರೆ ‘ವಿಂಡ್‌ಸರ್ಫರ್’ ಅನ್ನೋ ಹೆಸರು ಎಲ್ಲರ ಬಾಯಿಗೂ ಬಂದಿದೆ ಅಂತ ಅದರ ಟ್ರೇಡ್‌ಮಾರ್ಕ್ ಹೋಯ್ತು.

ವಕೀಲರು ಹಾಯಿ ಯಾರದ್ದು ಅಂತ ಜಗಳವಾಡ್ತಿದ್ದ ವರ್ಷಗಳಲ್ಲೇ ಹವಾಯಿಯ ಹುಡುಗರು ಹಾಯಿಯನ್ನ ಬದಲಿಸುತ್ತಿದ್ದರು. ಮೊದಲ ಬೋರ್ಡ್ ಹನ್ನೆರಡು ಅಡಿ ಉದ್ದದ್ದು. ಹಾಯಿ 56 ಚದರ ಅಡಿ, ಅಂದರೆ ಸುಮಾರು 5.2 ಚದರ ಮೀಟರ್. ಎಲ್ಲರಿಗೂ, ಎಲ್ಲಾ ಗಾಳಿಗೂ ಅದೊಂದೇ. ಡೇಕ್ರಾನ್ ಬಟ್ಟೆ, ತೇಗದ ಬೂಮ್. ಓವಾಹು ದ್ವೀಪದ ಕೈಲುವಾದಲ್ಲಿ ಲ್ಯಾರಿ ಸ್ಟ್ಯಾನ್ಲಿ, ಮೈಕ್ ಹೋರ್ಗನ್ ಮತ್ತು ಗೆಳೆಯರು ಇದನ್ನೇ ತಗೊಂಡು ಜೋರು ಗಾಳಿಗೂ ಅಲೆಗೂ ನುಗ್ಗಿದರು. ಅಲೆಯ ತುದಿಯಿಂದ ಹಾರಿದಾಗ ಬೋರ್ಡ್ ಒಂದು ಕಡೆ, ಸವಾರ ಇನ್ನೊಂದು ಕಡೆ. ಅದಕ್ಕೇ 1977ರಲ್ಲಿ ಬೋರ್ಡ್‌ಗೆ ಕಾಲುಪಟ್ಟಿ ಜಡಿದರು. ಅದೇ ಕೈಲುವಾದ ಹುಡುಗ ರಾಬಿ ನಾಯಿಶ್ 1976ರಲ್ಲಿ, ಹದಿಮೂರನೇ ವಯಸ್ಸಿನಲ್ಲೇ, ವಿಶ್ವ ಚಾಂಪಿಯನ್ ಆಗಿದ್ದ.

ಕಾಲು ಬೋರ್ಡ್‌ಗೆ ಅಂಟಿಕೊಂಡ ಮೇಲೆ ತೊಂದರೆ ಹಾಯಿಗೆ ದಾಟಿತು. ಸ್ವಲ್ಪ ಲೆಕ್ಕ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಗಾಳಿಯ ವೇಗ ಎರಡು ಪಟ್ಟಾದರೆ ಹಾಯಿಯ ಮೇಲಿನ ಬಲ ನಾಲ್ಕು ಪಟ್ಟಾಗುತ್ತೆ. 15 ನಾಟ್‌ನಲ್ಲಿ ಹಿತವಾಗಿ ಎಳೆಯುವ ಹಾಯಿ 30 ನಾಟ್‌ನಲ್ಲಿ ಭುಜ ಕೀಳುತ್ತೆ. ಸಾಲದ್ದಕ್ಕೆ ಆಗಿನ ಹಾಯಿಗಳಲ್ಲಿ ಬ್ಯಾಟನ್‌ಗಳು, ಅಂದರೆ ಆಕಾರ ಹಿಡಿದಿಡುವ ಅಡ್ಡಪಟ್ಟಿಗಳು, ಮಾಸ್ಟ್‌ನವರೆಗೂ ಬರ್ತಿರಲಿಲ್ಲ. ಗಾಳಿ ಬೀಸಿದ ಕೂಡಲೇ ಹಾಯಿಯ ಹೊಟ್ಟೆ ಹಿಂದಕ್ಕೆ ಜಾರೋದು, ಎಳೆತವೆಲ್ಲ ಹಿಂದಿನ ಕೈಗೆ ಬೀಳೋದು.

1980ರ ದಶಕದಲ್ಲಿ ಈ ಆಟದ ರಾಜಧಾನಿ ಮಾವಿ ದ್ವೀಪದ ಹೋಕಿಪಾಗೆ ಬದಲಾಯ್ತು. ಚಳಿಗಾಲದಲ್ಲಿ ಉತ್ತರ ಪೆಸಿಫಿಕ್‌ನ ಬಿರುಗಾಳಿಗಳು ಕಳಿಸುವ ದೊಡ್ಡ ಅಲೆ, ಅದರ ಮೇಲೆ ದಡದುದ್ದಕ್ಕೂ ಬಲಗಡೆಯಿಂದ ಬೀಸುವ ವಾಣಿಜ್ಯ ಮಾರುತ. ತಪ್ಪಿ ಬಿದ್ದರೆ ಸಾಮಾನೆಲ್ಲ ಬಂಡೆಗೆ. ಹಾಯಿ ಹೊಲಿಯೋರಿಗೆ ಇದಕ್ಕಿಂತ ಕಠಿಣ ಪರೀಕ್ಷಕ ಬೇರೆ ಬೇಕಿರಲಿಲ್ಲ. ಬ್ಯಾರಿ ಸ್ಪ್ಯಾನಿಯರ್ ಮತ್ತು ಜೆಫ್ರಿ ಬೋರ್ನ್ ಮಾವಿಯಲ್ಲೇ ಹೊಲಿಗೆಮನೆ ಇಟ್ಟು, ಮುಂದೆ ನೀಲ್ ಪ್ರೈಡ್ ಕಂಪನಿಗೆ ವಿನ್ಯಾಸ ಮಾಡಿದರು. ಬೆಳಿಗ್ಗೆ ಹೊಲಿದದ್ದನ್ನ ಮಧ್ಯಾಹ್ನವೇ ಅಲೆಗೆ ಒಡ್ಡಿ ನೋಡಬಹುದಾದ ಜಾಗ ಅದು.

ಆ ದಶಕದಲ್ಲಿ ಹಾಯಿಯ ರೂಪವೇ ಬದಲಾಯ್ತು. ಬೂಮ್ ಗಿಡ್ಡವಾಯ್ತು. ಹಿಂದಿನ ಮೂಲೆ ಮೇಲೇರಿತು, ಬೂಮ್‌ನ ತುದಿ ಅಲೆಗೆ ಚುಚ್ಚಿಕೊಳ್ಳಬಾರದಲ್ಲ! ಹಾಯಿಯ ಕೆಳ ಅಂಚನ್ನ ಎತ್ತರಿಸಿ ಕತ್ತರಿಸಿದರು. ಬ್ಯಾಟನ್‌ಗಳನ್ನ ಮಾಸ್ಟ್‌ನವರೆಗೂ ಎಳೆದರು. ದಿಕ್ಕು ಬದಲಿಸಿದಾಗ ಅವು ಮಾಸ್ಟ್‌ನ ಪಕ್ಕಕ್ಕೆ ತಾವಾಗಿ ಹೊರಳಿ, ಹೊಟ್ಟೆಯನ್ನ ಮುಂದೆಯೇ ಹಿಡಿದಿಟ್ಟವು. ಡೇಕ್ರಾನ್ ಬದಲು ಪಾರದರ್ಶಕ ಮಾನೋಫಿಲ್ಮ್ ಬಂತು. ಅದು ಬಿಸಿಲಿಗೂ ಅಲೆಯ ಹೊಡೆತಕ್ಕೂ ಬಿರುಕು ಬಿಡುತ್ತೆ ಅಂತ ಗೊತ್ತಾದ ಮೇಲೆ, ಒಳಗೆ ದಾರದ ಬಲೆಯಿರುವ ಫಿಲ್ಮ್ ಬಂತು. ಇವತ್ತಿಗೂ ಅಷ್ಟೇ ಅಳತೆಯ ಕೆರೆ ಹಾಯಿಗಿಂತ ವೇವ್ ಹಾಯಿ ಸಾಮಾನ್ಯವಾಗಿ ಹೆಚ್ಚು ತೂಗೋದು ಈ ಬಂದೋಬಸ್ತಿನಿಂದ.

ಇಲ್ಲಿ ದಾರಿ ಎರಡಾಯ್ತು. ವೇಗದ ಸ್ಪರ್ಧೆಯವರಿಗೆ ಕ್ಯಾಮ್ ಬಂತು. ಬ್ಯಾಟನ್‌ನ ತುದಿಗಿಟ್ಟು ಮಾಸ್ಟ್‌ಗೆ ಒತ್ತಿ ಹಿಡಿಸುವ ಪ್ಲಾಸ್ಟಿಕ್ ಕವಲು ಅದು. ಗಾಳಿ ಇರಲಿ ಬಿಡಲಿ, ಹಾಯಿ ವಿಮಾನದ ರೆಕ್ಕೆಯ ಹಾಗೆ ಉಬ್ಬಿಯೇ ಇರುತ್ತೆ. ನೇರ ಓಟಕ್ಕೆ ಬಹಳ ಚೆನ್ನ. ಆದರೆ ಕ್ಯಾಮ್‌ಗೆ ಅಗಲ ತೋಳು ಬೇಕು, ತೋಳಿಗೆ ನೀರು ತುಂಬುತ್ತೆ. ಅಲೆಯವರು ಅದನ್ನ ಬಿಟ್ಟು ಕಿರಿದಾದ ತೋಳಿಗೇ ಅಂಟಿಕೊಂಡರು. ನನ್ನ ಸ್ಟೋರ್‌ರೂಮಿನ ಹಾಯಿ ಕವಲು ದಾರಿಯಲ್ಲಿ ಆ ಕಡೆ ಹೋದ ಮನೆತನದ್ದು. ಅದರ ತಪ್ಪೇನಿಲ್ಲ, ತಪ್ಪು ದಾರಿಗೆ ತಂದವನು ನಾನು.

ಈಗ ಆ ಹಿರಿಯರ ಮಾತಿಗೆ ಬರ್ತೀನಿ. ಅಲೆಯಲ್ಲಿ ಹಾಯಿಗೆ ಎರಡು ಕೆಲಸ, ಎರಡೂ ಒಂದಕ್ಕೊಂದು ವಿರುದ್ಧ. ಹೊರಗೆ ಹೋಗುವಾಗ ನೊರೆ ದಾಟಬೇಕು. ಎರಡು ಅಲೆಗಳ ನಡುವೆ ಸಿಗೋ ನಾಲ್ಕಾರು ಸೆಕೆಂಡ್‌ನಲ್ಲಿ ಹಾಯಿ ತಟ್ಟನೆ ಎಳೆಯಬೇಕು. ತಿರುಗಿ ಅಲೆ ಹಿಡಿದು ಇಳಿಯುವಾಗ ಮಾತ್ರ ನಿಮ್ಮನ್ನ ಓಡಿಸೋದು ಅಲೆ ಮತ್ತು ಗುರುತ್ವ. ಆಗ ಹಾಯಿ ಎಳೆದರೆ ಅಡ್ಡಿ. ಅದು ಸುಮ್ಮನಿರಬೇಕು, ಕೈಯಲ್ಲಿ ಇದೆಯೋ ಇಲ್ಲವೋ ಅನ್ನಿಸಬೇಕು. ಮತ್ತೆ ತಿರುವು ಮುಗಿದ ಕ್ಷಣಕ್ಕೆ ಎಚ್ಚರಾಗಬೇಕು. ಕ್ಯಾಮ್ ಇರೋ ಹಾಯಿಗೆ ಈ ಸುಮ್ಮನಿರೋದು ಬರಲ್ಲ. ‘ಬಿಡೋದು ಗೊತ್ತಿಲ್ಲ’ ಅಂದರೆ ಇದು.

ಕಳೆದ ಇಪ್ಪತ್ತು ವರ್ಷಗಳ ಬದಲಾವಣೆಗಳೆಲ್ಲ ಬಹುಪಾಲು ಇದೇ ಹದ ಹುಡುಕುವ ಪ್ರಯತ್ನ. ದಪ್ಪ ಮಾಸ್ಟ್ ಹೋಗಿ ಸಣ್ಣ ವ್ಯಾಸದ ಮಾಸ್ಟ್ ಬಂತು, ಬಿದ್ದಾಗ ಹಿಡಿಯೋಕೂ ಸುಲಭ, ಅಲೆಯ ಹೊಡೆತಕ್ಕೂ ಗಟ್ಟಿ. ಐದು ಬ್ಯಾಟನ್ ರೂಢಿಯಾಗಿದ್ದ ಕಡೆ ನಾಲ್ಕು, ಆಮೇಲೆ ಮೂರೂ ಬಂದವು. ಸ್ಥೂಲವಾಗಿ ಹೇಳೋದಾದರೆ, ಐದಿರೋ ಹಾಯಿ ಜೋರು ಗಾಳಿಯಲ್ಲೂ ಆಕಾರ ಬಿಡಲ್ಲ. ನಾಲ್ಕಿರೋದು ಮೃದು, ಅಲೆಯ ಮೇಲೆ ಬೇಗ ಸುಮ್ಮನಾಗುತ್ತೆ. ಮೂರಿರೋದು ಹಗುರ, ಆದರೆ ಗಾಳಿ ಮಿತಿ ಮೀರಿದಾಗ ನಡುಗುತ್ತೆ.

ಹಾಗಾದರೆ ನಾಲ್ಕೇ ತಗೊಳ್ಳೋದಾ? ಅದನ್ನ ಹೇಳಬೇಕಾದ್ದು ನಿಮ್ಮ ಸಮುದ್ರ. ಹೋಕಿಪಾದಲ್ಲಿ ಗಾಳಿ ದಡಕ್ಕೆ ಸಮಾನಾಂತರ, ಅಲೆ ಉದ್ದ. ಅಲ್ಲಿ ಸುಮ್ಮನಿರೋ ಹಾಯಿಯೇ ರಾಜ. ನನ್ನ ಉತ್ತರ ಸಮುದ್ರದಲ್ಲಿ ಗಾಳಿ ಹೆಚ್ಚಾಗಿ ಓರೆಯಾಗಿ ದಡದ ಕಡೆಗೇ ಬೀಸುತ್ತೆ. ಅಲೆ ಗಿಡ್ಡ, ಒಂದರ ಹಿಂದೆ ಒಂದು. ಹೊರಗೆ ಹೋಗೋದೇ ಅರ್ಧ ಯುದ್ಧ, ಹಾಗಾಗಿ ಎಳೆತ ಸ್ವಲ್ಪ ಜಾಸ್ತಿ ಬೇಕು. ಕೆನರಿ ದ್ವೀಪಗಳ ಪೋಸೊದಲ್ಲಿ ಗಾಳಿ ಎಷ್ಟು ಬಿರುಸು ಅಂದರೆ ನಾಲ್ಕು ಮೀಟರ್‌ಗಿಂತ ಚಿಕ್ಕ ಹಾಯಿಗಳೂ ಅಲ್ಲಿ ಮಾಮೂಲು. ಅಲ್ಲೇ ಆಡಿ ಬೆಳೆದ ಅವಳಿಗಳು ದೈದಾ ಮತ್ತು ಇಬಾಯಾ ಮೊರೆನೊ 2000ದ ನಂತರದ ವರ್ಷಗಳಲ್ಲಿ ಅಲೆ ವಿಭಾಗದ ವಿಶ್ವ ಪ್ರಶಸ್ತಿಗಳನ್ನ ಹೆಚ್ಚು ಕಡಿಮೆ ಮನೆಯೊಳಗೇ ಹಂಚಿಕೊಂಡರು. ಚಿಕ್ಕ ಹಾಯಿ ಅಂದರೆ ಕಲಿಯೋರದ್ದು ಅನ್ನೋ ನನ್ನ ಅಹಂಕಾರ ಇಳಿದಿದ್ದು ಅವರ ವಿಡಿಯೋ ನೋಡಿದ ಮೇಲೆ.

ಆ ಅಹಂಕಾರ ನಮ್ಮಂಥವರಲ್ಲಿ ಜಾಸ್ತಿ ಅನ್ಸುತ್ತೆ. ಲ್ಯಾಪ್‌ಟಾಪ್ ಆಗಲಿ, ಬೈಕ್ ಆಗಲಿ, ದೊಡ್ಡ ನಂಬರ್ ಇದ್ದದ್ದೇ ಒಳ್ಳೇದು ಅಂತ ಕೊಂಡು ಅಭ್ಯಾಸ. ಹಾಯಿಯಲ್ಲಿ ದೊಡ್ಡ ನಂಬರ್ ಅಂದರೆ ಗಾಳಿ ಕಮ್ಮಿ ಅಂತ ಅಷ್ಟೇ ಅರ್ಥ. 72 ಕೆಜಿ ತೂಗುವ ನಾನು 25 ನಾಟ್‌ಗೆ ಕಟ್ಟಬೇಕಾಗಿದ್ದು ನಾಲ್ಕೂವರೆಯ ಆಸುಪಾಸಿನದ್ದು. ಈಗ ನನ್ನ ಹತ್ತಿರ ಮೂರಿವೆ: 4.0, 4.5, 5.0. ಮೂರೂ ಕ್ಯಾಮ್ ಇಲ್ಲದವು, ಮೂರಕ್ಕೂ ಒಂದೇ ಮಾಸ್ಟ್ ಸಾಕು. ದಡಕ್ಕೆ ಹೋದ ಕೂಡಲೇ ಕಟ್ಟೋಕೆ ಶುರು ಮಾಡಲ್ಲ. ಹತ್ತು ನಿಮಿಷ ನಿಂತು ನೋಡ್ತೀನಿ. ಗಾಳಿ ಯಾವ ಕಡೆಯಿಂದ, ಅಲೆ ಎಲ್ಲಿ ಮುರೀತಿದೆ, ನೀರಿನಲ್ಲಿರೋರು ಎಷ್ಟು ದೊಡ್ಡದನ್ನ ಕಟ್ಟಿದಾರೆ, ಅವರ ತೂಕ ಎಷ್ಟಿರಬಹುದು. ಎರಡು ಅಳತೆಯ ನಡುವೆ ಅನುಮಾನ ಬಂದರೆ ಚಿಕ್ಕದು.

ಹೋದ ತಿಂಗಳು ಧಾರವಾಡದ ಹುಡುಗನೊಬ್ಬ ಜೊತೆಗೆ ಬಂದಿದ್ದ. ನನ್ನ ಹಾಗೇ ಕೆರೆಯಲ್ಲಿ ಕಲಿತವನು, ನನ್ನ ಹಾಗೇ ಉತ್ಸಾಹ. ಅವನ ಕಣ್ಣು 5.0 ಮೇಲಿತ್ತು. ನಾನು ಸಮುದ್ರ ನೋಡಿದೆ, ಅವನ ತೂಕ ಕೇಳಿದೆ, 4.0 ಕೈಗಿಟ್ಟೆ.

‘ಭಾಳ ಸಣ್ಣದಾತಲ್ಲ ಅಣ್ಣಾ?’ ಅಂದ.

‘ಇರ್ಲಿ, ಹೋಗಿ ಬಾ’ ಅಂದೆ.

ಹೊರಟವರಿಗೆ ನಾವು ಬರೀ ‘ಹೋಗು’ ಅನ್ನಲ್ಲ. ಅವನು ನಾಲ್ಕು ಸಲ ಬಿದ್ದ. ನಾಲ್ಕು ಸಲವೂ ಹಾಯಿ ನೀರಿನಿಂದ ಸಲೀಸಾಗಿ ಎದ್ದು ಬಂತು, ಅದರ ಹಿಂದೆ ಅವನೂ.