ಸ್ಟ್ರಕ್ಚರ್ ಪಾಯಿಂಟರ್ (ಸಿ ಭಾಷೆ)

ಬೇರೆ ಬೇರೆ ಬಗೆಯ ಮಾಹಿತಿಯನ್ನು ಒಟ್ಟಿಗೆ ಇಡುವ ಸ್ಟ್ರಕ್ಚರ್ ಒಂದು ಮೆಮೊರಿಯಲ್ಲಿ ಎಲ್ಲಿದೆ ಎಂಬ ವಿಳಾಸವನ್ನು ಇಟ್ಟುಕೊಳ್ಳುವ ವೇರಿಯಬಲ್. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) 2022ರ ಪಠ್ಯಕ್ರಮದ ಮೊದಲ ವರ್ಷದ ಸಿ ಲ್ಯಾಬಿನಲ್ಲಿ, ತರಗತಿಯ ವಿದ್ಯಾರ್ಥಿಗಳ ಸರಾಸರಿ ಅಂಕವನ್ನು ಸ್ಟ್ರಕ್ಚರ್ ಬಳಸಿ ಕಂಡುಹಿಡಿಯುವ ಪ್ರೋಗ್ರಾಂ ಇದೆ. ಅದನ್ನೇ ಉದಾಹರಣೆಯಾಗಿ ನೋಡಬಹುದು.

ಸ್ಟ್ರಕ್ಟ್ ವಿದ್ಯಾರ್ಥಿ { ಚಾರ್ ಯುಎಸ್‌ಎನ್[11]; ಚಾರ್ ಹೆಸರು[30]; ಫ್ಲೋಟ್ ಅಂಕ; };

ವಿಟಿಯು ಯುಎಸ್‌ಎನ್‌ನಲ್ಲಿ (ವಿದ್ಯಾರ್ಥಿಯ ನೋಂದಣಿ ಸಂಖ್ಯೆಯಲ್ಲಿ) ಇರುವುದು 10 ಅಕ್ಷರ. ಆದರೂ 11 ಎಂದೇ ಬರೆಯಬೇಕು; ಸ್ಟ್ರಿಂಗ್ ಮುಗಿಯಿತೆಂದು ಸೂಚಿಸುವ ಶೂನ್ಯಕ್ಕೂ ಒಂದು ಬೈಟ್ ಬೇಕು. 11, 30, ಫ್ಲೋಟ್‌ನ 4 ಕೂಡಿದರೆ 45. ಆದರೆ ಸಾಮಾನ್ಯ ಕಂಪೈಲರ್‌ಗಳು ಫ್ಲೋಟ್ ಅನ್ನು 4ರಿಂದ ಭಾಗವಾಗುವ ವಿಳಾಸದಲ್ಲೇ ಇಡುವುದರಿಂದ ನಡುವೆ 3 ಬೈಟ್ ಖಾಲಿ ಬಿಟ್ಟು ಒಟ್ಟು 48 ಬೈಟ್ ತೆಗೆದುಕೊಳ್ಳುತ್ತವೆ. ಈ ಸ್ಟ್ರಕ್ಚರ್ ಅನ್ನು ಫಂಕ್ಷನ್‌ಗೆ ಹಾಗೇ ಕಳುಹಿಸಿದರೆ ಹೋಗುವುದು ನಕಲು; ಅಲ್ಲಿ ಅಂಕ ತಿದ್ದಿದರೂ ಮೂಲದಲ್ಲಿ ಏನೂ ಬದಲಾಗದು. ವಿಳಾಸ ಕಳುಹಿಸಿದರೆ ಮೂಲವೇ ಬದಲಾಗುತ್ತದೆ. 64 ಬಿಟ್ ಯಂತ್ರದಲ್ಲಿ ಸಾಗುವುದೂ 8 ಬೈಟ್ ಮಾತ್ರ.

'ಪಿ' ಪಾಯಿಂಟರ್ ಆದರೆ (*ಪಿ).ಅಂಕ ಎಂದು ಆವರಣ ಹಾಕಿಯೇ ಬರೆಯಬೇಕು, ಏಕೆಂದರೆ ನಕ್ಷತ್ರಕ್ಕಿಂತ ಚುಕ್ಕಿಗೆ ಆದ್ಯತೆ ಹೆಚ್ಚು. ಪಿ->ಅಂಕ ಎಂಬುದು ಅದರದೇ ಚಿಕ್ಕ ರೂಪ. ಓದಲು ಸುಲಭ, ಬಳಕೆಯಲ್ಲಿರುವುದೂ ಇದೇ. ಪಿ+1 ಎಂದರೆ ಒಂದು ಬೈಟ್ ಅಲ್ಲ, 48 ಬೈಟ್ ಮುಂದೆ: ಮುಂದಿನ ವಿದ್ಯಾರ್ಥಿ.

ಡೆನಿಸ್ ರಿಚಿ ಬೆಲ್ ಲ್ಯಾಬ್ಸ್‌ನಲ್ಲಿ ರೂಪಿಸಿದ ಸಿ ಭಾಷೆಗೆ ಸ್ಟ್ರಕ್ಚರ್ ಸೇರಿದ್ದು 1973ರ ಹೊತ್ತಿಗೆ. ಯುನಿಕ್ಸ್ ಕರ್ನಲ್ ಅನ್ನು ಸಿಯಲ್ಲೇ ಬರೆಯಲು ಸಾಧ್ಯವಾದದ್ದು ಆ ಬಳಿಕ. ಕರ್ನಿಘನ್ ಮತ್ತು ರಿಚಿ ಅವರ 1978ರ ಪುಸ್ತಕದ ಸಿಯಲ್ಲಿ ಸ್ಟ್ರಕ್ಚರ್ ಅನ್ನು ಇಡಿಯಾಗಿ ಫಂಕ್ಷನ್‌ಗೆ ಕಳುಹಿಸುವಂತಿರಲಿಲ್ಲ, ಪಾಯಿಂಟರ್ ಅನಿವಾರ್ಯವಾಗಿತ್ತು.

ಸ್ಟ್ರಕ್ಚರ್ ಪಾಯಿಂಟರಿನ ನಿಜವಾದ ಬೆಲೆ ತಿಳಿಯುವುದು ಅದೇ ವಿಟಿಯು ಪಠ್ಯಕ್ರಮದ ಮೂರನೇ ಸೆಮಿಸ್ಟರಿನ ಡೇಟಾ ಸ್ಟ್ರಕ್ಚರ್ಸ್ ಲ್ಯಾಬಿನಲ್ಲಿ. ಸ್ಟ್ರಕ್ಚರ್ ತನ್ನೊಳಗೆ ತನ್ನನ್ನೇ ಇಟ್ಟುಕೊಳ್ಳಲಾರದು; ಇಟ್ಟುಕೊಂಡರೆ ಗಾತ್ರಕ್ಕೆ ಕೊನೆಯೇ ಇರದು. ಆದರೆ ತನ್ನಂಥದೇ ಇನ್ನೊಂದರ ವಿಳಾಸವನ್ನು ಇಟ್ಟುಕೊಳ್ಳಬಹುದು; ವಿದ್ಯಾರ್ಥಿ ವಿವರಗಳ ಲಿಂಕ್ಡ್ ಲಿಸ್ಟ್ ನಿಂತಿರುವುದು ಇದರ ಮೇಲೆ. ಅದೇ ಲ್ಯಾಬಿನಲ್ಲಿ, ವಾರದ 7 ದಿನಗಳನ್ನು ಸ್ಟ್ರಕ್ಚರ್‌ಗಳ ಅರೇಯಾಗಿ ಇಡುವ ಕ್ಯಾಲೆಂಡರ್ ಪ್ರೋಗ್ರಾಂನಲ್ಲಿ ಪ್ರತಿ ದಿನದ ಹೆಸರಿಗೂ ಕೆಲಸದ ವಿವರಕ್ಕೂ ಬೇರೆ ಬೇರೆಯಾಗಿ ಮ್ಯಾಲಾಕ್ ಮಾಡಿ ಮೆಮೊರಿ ಪಡೆಯಬೇಕು. ಮುಗಿಸುವಾಗ ಮೊದಲು ಒಳಗಿನ ಆ ಸ್ಟ್ರಿಂಗ್‌ಗಳನ್ನು, ನಂತರ ಹೊರಗಿನ ಅರೇಯನ್ನು ಫ್ರೀ ಮಾಡಬೇಕು. ಅರೇಯನ್ನೇ ಮೊದಲು ಬಿಟ್ಟರೆ ಒಳಗಿನ 14 ವಿಳಾಸಗಳೂ ಕೈತಪ್ಪುತ್ತವೆ. ಪ್ರೋಗ್ರಾಂ ಓಡುವಷ್ಟು ಕಾಲ ಆ ಮೆಮೊರಿ ಯಾರಿಗೂ ಸಿಗದು.